ಸರ್ಕಾರಿ ವಕೀಲರ ಉಡಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳಲಿ. ಕಲಬುರಗಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇಷ್ಟು ವರ್ಷ ಸಹಾಯಕ ಅಭಿಯೋಜಕಿಯಾಗಿ ನಿಂತ ಹೆಂಗಸಿಗೆ ಸಿಟ್ಟು ಬರದಿದ್ದರೆ ಅವಳ ನಾಡಿ ಹಿಡಿದು ನೋಡಬೇಕು. ಅಭಿಯೋಜಕಿ ಎಂಬ ಶಬ್ದ ನೇಮಕದ ಆದೇಶದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಜನರ ಬಾಯಲ್ಲಿ ನಾನು ಸರ್ಕಾರಿ ವಕೀಲರು. ಪೆಟ್ಟು ತಿಂದವರು ಬಂದು ‘ನೀವು ನಮ್ಮ ವಕೀಲ್ರಲ್ಲೇನ್ರಿ?’ ಎಂದು ಕೇಳುತ್ತಾರೆ. ಅಲ್ಲ, ನಾನು ಸರ್ಕಾರದ ವಕೀಲೆ, ಕೇಸು ನಡೆಸುವುದು ಸರ್ಕಾರ, ನೀವು ಬರೀ ಸಾಕ್ಷಿ ಎಂದು ನಾನು ಹೇಳುತ್ತೇನೆ. ಅವರಿಗೆ ಅದು ಅರ್ಥವಾಗುವುದಿಲ್ಲ. ಹೇಗೆ ಆದೀತು? ಕೈ ಮುರಿದದ್ದು ಅವರದು. ಸರ್ಕಾರದ ಕೈಯನ್ನು ಯಾರೂ ಮುರಿದಿರುವುದಿಲ್ಲ.

ನಮ್ಮ ಆಫೀಸೆಂದರೆ ಎರಡು ಮೇಜು, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಕಪಾಟು, ಬೇಸಿಗೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಹೊಡೆಯುವ ಒಂದು ಕೂಲರು. ಬೆಳಿಗ್ಗೆ ಹತ್ತಕ್ಕೆ ಪೊಲೀಸರು ಫೈಲು ತಂದು ಹಾಕುತ್ತಾರೆ. ಹತ್ತೂವರೆಗೆ ಸಾಕ್ಷಿದಾರರು ಬರುತ್ತಾರೆ. ಹನ್ನೊಂದರೊಳಗೆ ನಾನು ಅವರಿಗೆ, ಅವರು ಹಿಂದೆ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಓದಿ ನೆನಪು ಮಾಡಿಕೊಡಬೇಕು. ಇಂಥದ್ದೇ ಹೇಳಿ ಎಂದು ಕಲಿಸುವ ಹಾಗಿಲ್ಲ. ಕಾನೂನು ಹಾಗೆ ಹೇಳುತ್ತದೆ, ನಾನು ಹಾಗೇ ನಡೆದಿದ್ದೇನೆ. ಈ ಒಂದು ವಿಷಯಕ್ಕೆ ನನಗೆ ಬಹಳ ಸೊಕ್ಕಿತ್ತು. ಆ ಸೊಕ್ಕು ಎಲ್ಲಿ ಮುರಿಯಿತು ಎಂಬುದನ್ನೇ ಈಗ ಬರೆಯುತ್ತಿದ್ದೇನೆ.

ಕಮಲಾಪುರದಿಂದ ಬಂದ ಕೇಸು ಅದು. ಅಲ್ಲಿಯ ಹೆದ್ದಾರಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆಹಣ್ಣು ಮಾರುವ ಒಬ್ಬ ವಿಧವೆ ಫಿರ್ಯಾದಿ. ಓಣಿಯ ನಳದ ಪಾಳಿಗಾಗಿ ಜಗಳವಾಗಿ, ಗಂಡನ ದೊಡ್ಡಪ್ಪನ ಮಗ, ಅಂದರೆ ಅವಳಿಗೆ ಭಾವನಾಗಬೇಕಾದವನು, ಕಬ್ಬಿಣದ ಸಲಾಕೆಯಿಂದ ಬಲಗೈ ಮುರಿದಿದ್ದ. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಬುಟ್ಟಿ ತಲೆಗೇರಿಸಲು ಅವಳಿಗೆ ಈಗ ಇನ್ನೊಬ್ಬರು ಬೇಕು. ಅವನು ಪೊಲೀಸರಿಗೆ ಹೇಳಿದ್ದು ಒಂದೇ ಮಾತು: ನಳದ ಹತ್ತಿರ ಪಾಚಿ ಇತ್ತು, ಜಾರಿ ಬಿದ್ದಳು. ಅವನಿಗೆ ಊರಲ್ಲಿ ನಾಲ್ಕು ಜನ ಬೇಕಾದವರು. ಓಣಿಯೂ ಅದನ್ನೇ ಹೇಳಿತು.

ಮೊದಲ ಸಲ ಆಫೀಸಿಗೆ ಬಂದಾಗ ಅವಳು ಕುರ್ಚಿಯ ತುದಿಯಲ್ಲಿ ಕೂತು, ಸೊಟ್ಟ ಕೈಯನ್ನು ಮೇಜಿನ ಮೇಲೆ ನನ್ನ ಫೈಲಿನ ಪಕ್ಕಕ್ಕೇ ಇಟ್ಟಳು.

‘ಅವಂಗ ಶಿಕ್ಷಾ ಆಗಲಿ ಬಿಡಲಿ, ಅದು ನಿಮಗ ಬಿಟ್ಟದ್ದರಿ. ನಾ ಬಿದ್ದಿಲ್ಲ. ಅಂವ ಹೊಡದಾನ. ಅದೊಂದು ಮಾತು ಕೋರ್ಟಿನ್ಯಾಗ ಬರೀರಿ, ಸಾಕು.’

‘ಯಾಕವ್ವಾ, ಅಷ್ಟೇ ಸಾಕೇನು?’ ಎಂದೆ.

‘ಹಣ್ಣ ತೊಗೋಳಾಕ ಬಂದವರೂ ಕೇಳ್ತಾರ್ರಿ, ನಳದ ಬಲ್ಲಿ ಜಾರಿ ಬಿದ್ದಾಕಿ ನೀನೇ ಏನಂತ. ನನ್ನ ಕೈ ಮುರದಾಂವ ಎದುರಿಗೇ ಚಹಾ ಕುಡಕೋತ ಕುಂತಿರ್ತಾನ, ನಗ್ತಾನ. ನಾ ಸುಳ್ಳಾಕಿ ಆಗೀನ್ರಿ, ನಮ್ಮೂರಾಗ.’

ಬರೆಸುತ್ತೇನೆ ಎಂದೆ. ಎಷ್ಟು ಸಲೀಸಾಗಿ ಹೇಳಿದೆ!

ಅವತ್ತು ಆರೋಪಿಯ ವಕೀಲರು ಬರಲಿಲ್ಲ. ಮುಂದಿನ ಪೇಶಿಯ ತಾರೀಖಿಗೆ ಬಂದಳು, ಮ್ಯಾಜಿಸ್ಟ್ರೇಟ್ ಸಾಹೇಬರು ತರಬೇತಿಗೆ ಹೋಗಿದ್ದರು. ಅದರ ಮುಂದಿನದಕ್ಕೂ ಬಂದಳು, ಆರೋಪಿಗೆ ಜ್ವರವೆಂದು ಸರ್ಟಿಫಿಕೇಟು ಬಂತು. ಜ್ವರವಂತೆ! ಅವನು ಹಿಂದಿನ ದಿನ ಸೇಡಂ ರಸ್ತೆಯ ಕಲ್ಯಾಣ ಮಂಟಪದಲ್ಲಿ ಬಂಧುಗಳ ಮದುವೆ ಉಂಡದ್ದನ್ನು ನಮ್ಮ ಕೋರ್ಟ್ ಪೇದೆಯೇ ಕಣ್ಣಾರೆ ನೋಡಿದ್ದ. ಪ್ರತಿ ಸಲವೂ ಆಕೆ ಮಧ್ಯಾಹ್ನದ ತನಕ ಕಾದು, ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿ ತಿಂದು, ‘ಮತ್ತ ಯಾವಾಗ್ರಿ?’ ಎಂದು ಕೇಳಿ ಬಸ್ಸು ಹತ್ತುತ್ತಿದ್ದಳು. ನಾನು ಅವರಿವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಬೇರೆಯವರ ಮೇಲೆ ಸಿಟ್ಟು ಮಾಡುವುದು ಬಹಳ ಹಗುರದ ಕೆಲಸ, ಅದರಲ್ಲಿ ನಾನು ನಿಪುಣೆ.

ಆಮೇಲೆ ಶ್ರಾವಣ ಬಂತು.

ಬ್ರಹ್ಮಪುರದಲ್ಲಿ ನಮ್ಮ ಮನೆ. ಹತ್ತು ಹೆಜ್ಜೆಗೊಂದು ಗುಡಿ. ಶ್ರಾವಣದ ಶುಕ್ರವಾರವೆಂದರೆ ನಮ್ಮ ಓಣಿಯಲ್ಲಿ ಗುರುತಿಲ್ಲದ ಹೆಂಗಸರು ಬಂದು ಬಾಗಿಲು ಬಡಿಯುವುದು ಹೊಸದೇನಲ್ಲ. ಹರಕೆ ಹೊತ್ತಿರುತ್ತಾರೆ, ಇಷ್ಟು ಮಂದಿ ಮುತ್ತೈದೆಯರಿಗೆ ಉಡಿ ತುಂಬುತ್ತೇನೆ ಎಂದು. ಆವತ್ತು ನಾನು ಕೋರ್ಟಿಗೆ ಹೊರಟು ಬಾಚಣಿಗೆ ಹುಡುಕುತ್ತಿದ್ದೆ. ಹೊರಗೆ ನಮ್ಮ ಅತ್ತೆಯ ದನಿ ಕೇಳಿತು: ‘ಬರ್ರಿ, ಬರ್ರಿ, ಒಳಗ ಬರ್ರಿ. ಸೊಸಿ ಮನ್ಯಾಗೇ ಇದ್ದಾಳ.’

ಬಂದವರು ಇಬ್ಬರು. ಒಬ್ಬಳು ನನಗಿಂತ ಸಣ್ಣವಳು, ಹಸಿರು ಇಳಕಲ್ಲಿನ ಸೀರೆ. ಇನ್ನೊಬ್ಬರು ವಯಸ್ಸಾದವರು, ಅವಳ ಚಿಕ್ಕವ್ವನಂತೆ.

‘ಐದು ಮಂದಿ ಮುತ್ತೈದೇರಿಗೆ ಉಡಿ ತುಂಬ್ತೀನಂತ ಬೇಡ್ಕೊಂಡೀನ್ರೀ ಅಕ್ಕಾ’ ಎಂದಳು ಸಣ್ಣವಳು. ‘ನಾಲ್ಕು ಮನಿ ಮುಗದಾವ. ನಿಮ್ದು ಐದನೇದ್ದು.’

ನನಗೆ ತಡವಾಗಿತ್ತು. ‘ಇಲ್ಲವ್ವಾ, ಕೋರ್ಟಿಗೆ ಹೊತ್ತಾಗ್ಯದ’ ಎಂದೆ. ಅತ್ತೆ ಕಣ್ಣು ಕೆಂಪು ಮಾಡಿದರು. ‘ಶುಕ್ರವಾರ ಉಡಿ ತುಂಬಾಕ ಬಂದಾಕಿನ್ನ ಹಂಗೇ ಕಳಸ್ತಾರೇನು? ಕುಂದ್ರು.’

ಕುಂತೆ. ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಅದರ ಇನ್ನೊಂದು ತುದಿಯನ್ನು ಹಾಸಿ ಹಿಡಿದೆ. ಕೇಸಿನಲ್ಲಿ ಪಂಚನಾಮೆಯ ಒಂದು ಸಹಿ ಅತ್ತಿತ್ತ ಆದರೆ ಪೊಲೀಸರ ಬೆವರು ಇಳಿಸುವ ನಾನು, ನೀನು ಯಾರು, ಯಾವ ಊರು, ನನ್ನ ಮನೆಗೇ ಯಾಕೆ ಬಂದೆ ಎಂದು ಒಂದು ಮಾತು ಕೇಳಲಿಲ್ಲ. ಅವಳು ಅರಿಶಿಣ ಕುಂಕುಮ ಹಚ್ಚಿ ಐದು ಬೊಗಸೆ ಅಕ್ಕಿ ಹಾಕಿದಳು. ಅದರ ಮೇಲೆ ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಕೊನೆಗೆ ಐದು ಬಾಳೆಹಣ್ಣು. ಚಿಕ್ಕವ್ವ ಮೊಬೈಲು ಎತ್ತಿ ಫೋಟೊ ತೆಗೆದರು. ಹರಕೆ ಮುಗಿದದ್ದಕ್ಕೆ ನೆನಪಿಗೆ ಇಟ್ಟುಕೊಳ್ಳುತ್ತಾರೆ ಎಂದುಕೊಂಡೆ. ಫೋಟೊಗೆ ನಕ್ಕೆ ಕೂಡ.

ಬಾಳೆಹಣ್ಣು ಕೆಂಪಗಿದ್ದವು. ಆಗ ಕೇಳಿದೆ: ‘ಯಾವೂರವ್ವಾ ನಿಮ್ದು?’

‘ಕಮಲಾಪುರ್ರಿ.’ ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ‘ನಮ್ಮನ್ಯಾರ ಕೇಸು ನಿಮ್ಮ ಹಂತ್ಯಾಕೇ ಅದರಿ. ಕೈ ಮುರದಾನಂತ ಸುಳ್ಳ ಕೇಸ ಹಾಕ್ಯಾಳ್ರಿ ಆಕಿ. ನನಗ ಎರಡು ಹೆಣ್ಣು ಅವರಿ. ಹೊಟ್ಟ್ಯಾಗ ಹಾಕ್ಕೋರಿ ಅಕ್ಕಾ.’

ನಾನು ದಡಕ್ಕನೆ ಎದ್ದೆ. ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ‘ಏಳ್ರಿ ಮ್ಯಾಲ! ತೊಗೊಂಡು ಹೋಗ್ರಿ ಇವನ್ನೆಲ್ಲಾ! ಕೋರ್ಟಿನ ಕೆಲಸಕ್ಕ ಮನಿಗೆ ಬರ್ತೀರೇನು? ಮುತ್ತೈದಿತನದ ಹೆಸರ್ಲೆ ಬರ್ತೀರಿ, ನಾಚಿಕಿ ಇಲ್ಲೇನು?’ ಎಂದು ಓಣಿಗೆ ಕೇಳುವ ಹಾಗೆ ಒದರಿದೆ. ಇಬ್ಬರೂ ತಲೆ ತಗ್ಗಿಸಿ ಹೊರಗೆ ನಡೆದರು. ನಾನು ಆ ಕಣ, ಕೊಬ್ಬರಿ, ಹಣ್ಣು ಎಲ್ಲವನ್ನೂ ಪಿಶವಿಗೆ ತುಂಬಿ ಹಿಂದೆಯೇ ಓಡಬೇಕೆಂದಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

‘ಉಡ್ಯಾಗ ಬಿದ್ದದ್ದು ತಿರುಗಿ ಕೊಟ್ಟರ ಮನಿಗಿ ಛಲೋ ಅಲ್ಲ. ನೀ ಏನ ರೊಕ್ಕ ಇಸಗೊಂಡೀಯೇನು? ನಾಲ್ಕು ಅಕ್ಕಿಕಾಳು. ದೇವರ ಹೆಸರ್ಲೆ ಬಂದದ್ದು.’

ನಾನು ಅತ್ತೆಯ ಜೊತೆ ಜಗಳವಾಡಿದೆ. ಆದರೆ ಸೋತೆ. ಸೋಲಬೇಕೆಂದೇ ಸೋತೆ ಎಂದು ಈಗ ಅನ್ನಿಸುತ್ತದೆ. ಉಡಿಯನ್ನು ತಿರುಗಿ ಕೊಟ್ಟವಳ ಮನೆಗೆ ಕೇಡು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನೂ. ಕಾನೂನು ಓದಿದರೆ ಏನಾಯಿತು? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಸಂಜೆ ಕೊಬ್ಬರಿ ಚಟ್ನಿಗೆ ಹೋಯಿತು. ಬಾಳೆಹಣ್ಣು ಮನೆಯವರೆಲ್ಲ ತಿಂದರು, ನಾನೂ ಒಂದು ತಿಂದೆ. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ನನ್ನ ಮನಸ್ಸು ಸಾಫ್ ಇದೆ, ಕೇಸು ನಾನು ಬರೋಬ್ಬರಿ ನಡೆಸುತ್ತೇನೆ, ಹೇಳುವುದೇನಿದೆ ಎಂದುಕೊಂಡೆ.

ಎರಡು ವಾರದ ಮೇಲೆ ಪೇಶಿ. ಅವತ್ತು ಎಲ್ಲರೂ ಇದ್ದರು: ಸಾಹೇಬರು, ಆರೋಪಿ, ಅವನ ವಕೀಲರು. ಅಬ್ಬಾ, ಇವತ್ತಾದರೂ ಮುಗಿಯಿತಲ್ಲ ಎಂದು ನನಗೆ ಖುಷಿ. ಬೆಳಿಗ್ಗೆ ಹಣ್ಣಿನವಳನ್ನು ಕರೆದು ಹೇಳಿಕೆ ಓದಿದೆ. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲ ಹತ್ತಿರ ನಿಂತೇ ಕೇಳಿದಳು. ನೆನಪಾಯಿತೇ ಎಂದರೆ ತಲೆ ಆಡಿಸಿದಳು. ಏನಾದರೂ ಆಗಿದೆಯೇ ಎಂದು ನಾನು ಕೇಳಬಹುದಿತ್ತು. ನನ್ನ ಕೈಯಲ್ಲಿ ಇನ್ನೊಂದು ಫೈಲಿತ್ತು.

ಕಟಕಟೆಯಲ್ಲಿ ಪ್ರಮಾಣ ಮಾಡಿಸಿದರು. ಆ ದಿನ ಏನಾಯಿತು ಹೇಳಿ ಎಂದೆ.

‘ನೀರು ತರಾಕ ಹೋಗಿದ್ದೆರಿ. ನಳದ ಬಲ್ಲಿ ಜಾರಿ ಬಿದ್ದೆ. ಕೈ ಮುರೀತು.’

ನನಗೆ ಕಿವಿ ಕೇಳಿಸಲಿಲ್ಲವೇನೋ ಎನ್ನಿಸಿತು. ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದಳು, ನೆಲ ನೋಡುತ್ತ. ಆರೋಪಿಯ ವಕೀಲರು ಪೆನ್ನಿನ ಟೋಪಿ ಹಾಕಿದರು. ಅವರಿಗೆ ಇನ್ನು ಕೆಲಸವಿರಲಿಲ್ಲ. ಸಾಕ್ಷಿ ತಿರುಗಿಬಿದ್ದರೆ ಸರ್ಕಾರಿ ವಕೀಲರೇ ತಮ್ಮ ಸಾಕ್ಷಿಯನ್ನು ಪಾಟೀಸವಾಲು ಮಾಡಬೇಕು. ಅನುಮತಿ ಕೇಳಿ ಶುರು ಮಾಡಿದೆ. ಆರೋಪಿಯು ಸಲಾಕೆಯಿಂದ ಹೊಡೆದನೆಂದು ಪೊಲೀಸರ ಮುಂದೆ ಹೇಳಿದ್ದೀರಿ ಎಂದರೆ, ಸರಿಯಲ್ಲ. ಆರೋಪಿಯೊಂದಿಗೆ ರಾಜಿಯಾಗಿ ಸುಳ್ಳು ಹೇಳುತ್ತಿದ್ದೀರಿ ಎಂದರೆ, ಸರಿಯಲ್ಲ. ಬೆರಳಚ್ಚುಗಾರರು ಒಂದೊಂದಕ್ಕೂ ‘ಎಂದರೆ ಸರಿಯಲ್ಲ’ ಎಂದು ಟೈಪು ಮಾಡಿದರು. ನನ್ನ ದನಿ ಏರುತ್ತ ಹೋಯಿತು. ಸಾಹೇಬರೇ ‘ಮೇಡಂ, ಸಾವಕಾಶ’ ಎಂದರು.

ಹೊರಗೆ ವರಾಂಡದಲ್ಲಿ ಅವಳನ್ನು ಹಿಡಿದೆ.

‘ಎಷ್ಟು ಸಲ ಬಂದಿ? ಎಷ್ಟು ಸಲ ನನ್ನ ಮುಂದ ಅತ್ತಿ? ಹೊಡದಾನ ಅಂತ ಬರೀರಿ ಸಾಕು ಅಂದಾಕಿ ನೀನೇ ಹೌದಿಲ್ಲೋ? ನಾಕು ಮಂದಿ ಹಿರ್ಯಾರು ಬಂದು ಕುಂತ್ರೇನು? ಎಷ್ಟಕ್ಕ ಒಪ್ಪಿದಿ?’

ಎಷ್ಟಕ್ಕೆ ಎಂದು ಕೇಳಿದೆ ನಾನು. ಆ ಮಾತನ್ನು ಇವತ್ತು ನೆನೆದರೂ ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಅವಳು ಸೆರಗಿನೊಳಗಿನ ಚೀಲದಿಂದ ಮೊಬೈಲು ತೆಗೆದು, ಎಡಗೈಯಲ್ಲಿ ಒತ್ತಿ ಒತ್ತಿ, ನನ್ನ ಮುಖದ ಮುಂದೆ ಹಿಡಿದಳು. ತಲೆಯ ಮೇಲೆ ಸೆರಗು ಹೊದ್ದು, ಉಡಿ ಹಾಸಿ, ನಗುತ್ತ ಕೂತಿದ್ದೆ ನಾನು. ಅಕ್ಕಿ ಹಾಕುತ್ತಿದ್ದವಳ ಹಸಿರು ಸೀರೆ ಸ್ಪಷ್ಟವಾಗಿ ಕಾಣುತ್ತಿತ್ತು.

‘ನಮ್ಮ ಓಣ್ಯಾಗ ಎಲ್ಲಾರ ಫೋನಿನ್ಯಾಗೂ ಅದರಿ ಇದು’ ಎಂದಳು. ‘ಸರ್ಕಾರಿ ವಕೀಲ್ರು ನಮ್ಮ ಮನಿ ಉಡಿ ತುಂಬಿಸ್ಕೊಂಡಾರ, ಇನ್ನ ನಮ್ಮ ಅಕ್ಕ ಇದ್ದಂಗ ಅಂತ ಹೇಳ್ಕೋತ ಅಡ್ಯಾಡ್ತಾಳ್ರಿ ಆಕಿ. ನನಗ ಗಂಡಿಲ್ಲ, ನನ್ನ ಉಡಿ ಯಾರೂ ತುಂಬಂಗಿಲ್ಲ. ನಿಮಗ ತುಂಬ್ಯಾರ. ನಿಮ್ಮ ಉಡ್ಯಾಗ ಅವರ ಅಕ್ಕಿ ಬಿದ್ದ ಮ್ಯಾಲ ನಾ ಯಾರ ಮುಂದ ಖರೇ ಹೇಳ್ಲಿರಿ? ನಾಳಿ ನಾ ಅದೇ ಓಣ್ಯಾಗ ಇರಬೇಕು.’

ಅವಳು ಹೋದ ಮೇಲೆ ಆಫೀಸಿಗೆ ಬಂದು ಕಪಾಟಿನ ಬಾಗಿಲು ದಢಾರನೆ ಹಾಕಿದೆ, ಅದು ಮತ್ತೆ ತೆರೆದುಕೊಂಡಿತು. ಸಿಟ್ಟೆಲ್ಲ ಆ ಹಸಿರು ಸೀರೆಯವಳ ಮೇಲೆ, ಆ ಚಿಕ್ಕವ್ವನ ಮೇಲೆ, ಅತ್ತೆಯ ಮೇಲೆ. ಮನೆಗೆ ಹೋಗಿ ಅತ್ತೆಗೆ ‘ನಿಮ್ಮ ಶುಕ್ರವಾರದ ಪುಣ್ಯ ನೋಡ್ರಿ’ ಎಂದೆ. ‘ಸೆರಗು ಹಾಸಿದಾಕಿ ನೀನಾ ನಾನಾ?’ ಎಂದರು ಅವರು.

ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಸರ್ಕಾರಿ ವಕೀಲರು ಸಾಕ್ಷಿಯನ್ನು ಹುಡುಕಿಕೊಂಡು ಹೋಗುವ ಪದ್ಧತಿ ಇಲ್ಲ. ಪದ್ಧತಿ ಆಗಲೇ ಎಲ್ಲಿ ಉಳಿದಿತ್ತು! ರಸ್ತೆ ಪಕ್ಕ ಅವಳ ಬುಟ್ಟಿಯ ಮುಂದೆ ನಿಂತೆ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಅವನಿದ್ದ. ನಾಲ್ಕಾರು ಜನ ನನ್ನನ್ನು ಗುರುತು ಹಿಡಿದು ನೋಡತೊಡಗಿದರು. ಅವರಿಗೂ ಕೇಳಲಿ ಎಂದೇ ದೊಡ್ಡ ದನಿಯಲ್ಲಿ ಹೇಳಿದೆ.

‘ನಾ ತಪ್ಪು ಮಾಡೀನವ್ವಾ. ಯಾರು ಏನು ಅಂತ ಕೇಳದೇ ಸೆರಗ ಹಿಡದೆ. ಗೊತ್ತಾದ ಮ್ಯಾಲೂ ತಿರುಗಿ ಕೊಡಲಿಲ್ಲ. ಆದರ ನಾ ಯಾರಿಗೂ ಅಕ್ಕ ಆಗಿಲ್ಲ. ಇನ್ನೊಮ್ಮೆ ಕರೆಸ್ತೀನಿ, ಬಂದು ಖರೇ ಹೇಳು.’

ಅವಳು ಹಣ್ಣಿನ ಮೇಲಿನ ನೊಣ ಓಡಿಸಿದಳು. ‘ಜರಾ ಈಕಡಿ ಸರೀರಿ, ಗಿರಾಕಿಗೆ ಹಣ್ಣ ಕಾಣವಲ್ವು’ ಎಂದಳು. ಸರಿದೆ. ಒಬ್ಬ ಗಿರಾಕಿ ಬಂದು ಒಂದು ಡಜನ್ ಒಯ್ದ. ಆಮೇಲೆ ನನ್ನ ಮುಖ ನೋಡಿದಳು.

‘ಈಗ ಇಲ್ಲಿ ಹೇಳಿದಿರಲ್ರಿ, ಇದನ್ನ ಕೋರ್ಟಿನ್ಯಾಗೂ ಹೇಳ್ತೀರೇನು? ನಾ ಯಾಕ ಸುಳ್ಳ ಹೇಳಬೇಕಾತು ಅಂತ?’

‘ಹೇಳ್ತೀನಿ.’

‘ಹಂಗಾದ್ರ ಬರ್ತೀನ್ರಿ.’

ಸೋಮವಾರ ಸಾಕ್ಷಿಯನ್ನು ಮರಳಿ ಕರೆಸುವ ಅರ್ಜಿ ಬರೆದೆ. ಉಡಿಯ ವಿಷಯ, ಫೋಟೊ, ನನ್ನ ತಪ್ಪು ಎಲ್ಲವನ್ನೂ ಬರೆದೆ. ಮೇಲಿನವರಿಗೆ ತೋರಿಸದೆ ಹಾಕುವಂತಿರಲಿಲ್ಲ. ನಮ್ಮ ಹಿರಿಯ ಅಭಿಯೋಜಕರು ಓದಿ ಕನ್ನಡಕ ತೆಗೆದರು.

‘ಹುಚ್ಚ ಹಿಡದದೇನ್ರಿ ನಿಮಗ? ಇದು ಕೋರ್ಟಿನ ದಾಖಲಿ. ನಾಳಿ ಎನ್ಕ್ವಾಯರಿ ಕುಂದ್ರತದ. ನಿಮ್ಮ ಹಳೇ ಕೇಸೆಲ್ಲಾ ತೆಗೀತಾರ. ನಿಮ್ಮೊಬ್ಬರದೇ ಅಲ್ಲ, ಎಲ್ಲಾರ ಮಾರಿಗೂ ಮಸಿ. ಸಾಕ್ಷಿ ಅಂಜಿದ್ದಳು ಅಂತ ಬರೀರಿ. ಸುಳ್ಳೇನಲ್ಲ ಅದು.’

ಸುಳ್ಳಲ್ಲ. ಅದೇ ನೋಡಿ ಹಾಳು ಮಾಡಿದ್ದು. ಅರ್ಧ ದಿನ ಅವರ ಜೊತೆ ಕಿತ್ತಾಡಿದೆ. ಅವರನ್ನು ಹೇಡಿ ಎಂದೆ, ಮನಸ್ಸಿನಲ್ಲಿ ಅಲ್ಲ, ಬಾಯಿ ಬಿಟ್ಟೇ ಅಂದೆ. ಆಮೇಲೆ ನನ್ನ ಮೇಜಿಗೆ ಬಂದು ಕೂತು, ‘ಸಾಕ್ಷಿದಾರಳು ಭಯಕ್ಕೆ ಒಳಗಾಗಿ ಹಿಂದೆ ಸತ್ಯ ನುಡಿಯದೇ ಇದ್ದುದರಿಂದ’ ಎಂದು ಅವರು ಹೇಳಿದ ಹಾಗೇ ಬರೆದು ಸಹಿ ಹಾಕಿದೆ. ಮೊದಲು ಬರೆದ ಹಾಳೆಯನ್ನು ಹರಿದು ಹಾಕಿದವಳೂ ನಾನೇ.

ಅರ್ಜಿ ಮಂಜೂರಾಯಿತು. ಅವಳು ಬಂದಳು. ಈ ಸಲ ಕಟಕಟೆಯಲ್ಲಿ ತಲೆ ಎತ್ತಿ ನಿಂತು, ಎಡಗೈಯಲ್ಲಿ ಬಲಗೈ ಹಿಡಿದು ತೋರಿಸಿ, ‘ನಾ ಬಿದ್ದಿಲ್ಲರಿ, ಈತ ಸಲಾಕಿಲೆ ಹೊಡದಾನ’ ಎಂದಳು. ಆರೋಪಿಯ ವಕೀಲರು ಎದ್ದರು.

‘ಹಿಂದ ಇದೇ ಕೋರ್ಟಿನ್ಯಾಗ ಪ್ರಮಾಣ ಮಾಡಿ ಜಾರಿ ಬಿದ್ದೆ ಅಂದಿದ್ದಿ. ಆವಾಗ ಸುಳ್ಳೋ ಈಗ ಸುಳ್ಳೋ?’

‘ಆವಾಗ ಸುಳ್ಳ ಹೇಳೀನ್ರಿ.’

‘ಯಾಕ?’

ಅವಳು ನನ್ನ ಕಡೆ ತಿರುಗಿದಳು. ನಾನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಎದ್ದು ಒಂದು ಮಾತು ಹೇಳಿದ್ದರೆ ಸಾಹೇಬರು ಬರೆದುಕೊಳ್ಳುತ್ತಿದ್ದರು. ನಾನು ಫೈಲಿನ ಹಾಳೆ ತಿರುವಿದೆ. ಅವಳು ಸ್ವಲ್ಪ ಹೊತ್ತು ಕಾದಳು. ಫೋಟೊ ಅವಳ ಫೋನಿನಲ್ಲೇ ಇತ್ತು, ತೆಗೆದು ತೋರಿಸಬಹುದಿತ್ತು. ತೋರಿಸಲಿಲ್ಲ.

‘ಅಂಜಿದ್ದೆರಿ’ ಎಂದಳು.

‘ಯಾರಿಗೆ?’

‘ಎಲ್ಲಾರಿಗೂರಿ.’

ಓಣಿಯ ಸಾಕ್ಷಿಗಳೆಲ್ಲ ಜಾರಿ ಬಿದ್ದದ್ದನ್ನೇ ಹೇಳಿದರು. ಬಿದ್ದರೂ ಇಂಥ ಮುರಿತ ಆಗಬಹುದು ಎಂದು ಡಾಕ್ಟರು ಒಪ್ಪಿಕೊಂಡರು. ಕೆಲವು ತಿಂಗಳ ಮೇಲೆ ತೀರ್ಪು ಬಂತು, ಖುಲಾಸೆ. ಅವನು ವರಾಂಡದಲ್ಲೇ ಪೇಢೆ ಹಂಚಿದ. ನಮ್ಮ ಆಫೀಸಿನ ಬಾಗಿಲಿಗೂ ಪೊಟ್ಟಣ ಹಿಡಿದು ಬಂದ, ನಾನು ಬೈದು ಅಟ್ಟಿದೆ. ಬೈಯುವುದಕ್ಕೆ ನನಗೇನು ಬರ.

ವಾರ ಕಳೆದು ಅವಳು ತೀರ್ಪಿನ ನಕಲು ಹಿಡಿದು ಆಫೀಸಿಗೆ ಬಂದಳು. ಅವಳಿಗೆ ಓದಲು ಬರುವುದಿಲ್ಲ. ‘ಬರದಾರೇನ್ರಿ? ಅಂವ ಹೊಡದಾನ ಅಂತ ನಾ ಹೇಳಿದ್ದು?’ ಎಂದು ಕೇಳಿದಳು. ‘ಓದ್ರಿ. ಇದ್ದದ್ದು ಇದ್ದಂಗೇ ಓದ್ರಿ.’

ಒಂದು ಸಾಲು ಬಿಟ್ಟು ಓದಬಹುದಿತ್ತು. ಆ ಮೋಸವೊಂದನ್ನಾದರೂ ಮಾಡಬಾರದೆಂದು ಇದ್ದಂತೆಯೇ ಓದಿದೆ: ಫಿರ್ಯಾದಿಯು ಮೊದಲು ತಾನೇ ಬಿದ್ದುದಾಗಿಯೂ, ನಂತರ ಆರೋಪಿ ಹೊಡೆದುದಾಗಿಯೂ ಪ್ರಮಾಣದ ಮೇಲೆ ನುಡಿದಿದ್ದಾಳೆ. ಹೀಗೆ ಎರಡು ಬಗೆಯಾಗಿ ನುಡಿದಿದ್ದಕ್ಕೆ ಸಮಂಜಸ ಕಾರಣ ನೀಡಿಲ್ಲ. ಇಂಥ ಸಾಕ್ಷಿಯ ಮಾತು ನಂಬಲರ್ಹವಲ್ಲ.

ನಂಬಲರ್ಹವಲ್ಲ ಎಂದರೇನು ಎಂದಳು. ಹೇಳಿದೆ.

ಅವಳು ಕಾಗದದ ಮೇಲೆ ಬೆರಳಿಟ್ಟಳು. ‘ನಿಮ್ಮ ಉಡಿ ಮಾತು ಇದರಾಗ ಎಲ್ಲಿ ಅದರಿ?’

‘ಇಲ್ಲವ್ವಾ’ ಎಂದೆ. ‘ನಾ ಹೇಳಲಿಲ್ಲ.’

ಹೌದೆನ್ನುವಂತೆ ತಲೆ ಆಡಿಸಿದಳು. ಒಂದೇ ಕೈಯಿಂದ ಕಾಗದ ಮಡಚಲು ಹೋದಳು, ಅದು ಜಾರಿತು. ನಾನು ಕೈ ಚಾಚಿದೆ. ಬೇಡವೆಂದು ಮೇಜಿನ ಅಂಚಿಗೆ ಒತ್ತಿಟ್ಟುಕೊಂಡು ತಾನೇ ಮಡಚಿದಳು.

‘ಹಂಗಾದ್ರ ಇಷ್ಟು ಮಂದ್ಯಾಗ ಸುಳ್ಳ ಹೇಳಿದಾಕಿ ನಾನೊಬ್ಬಾಕೇ, ಹೌದೇನ್ರಿ?’ ಎಂದಳು.